ಕೋಡಿನ ಬಣ್ಣ, ಡಬ್ಬಿಯ ಸೀಸ
ಕಾರಹುಣ್ಣಿಮೆ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಪೇಟೆಗಳಲ್ಲಿ ಗೊಂಡೆ, ಹಣೆಪಟ್ಟಿ, ಬಾರಕೋಲುಗಳ ಪಕ್ಕ ಬಣ್ಣದ ಡಬ್ಬಿಗಳೂ ಬಂದು ಕೂರುತ್ತವೆ. ಎತ್ತಿನ ಮೈ ತೊಳೆದು, ಹೋದ ವರ್ಷದ ಬಣ್ಣ ಹೆರೆದು, ಕೋಡಿಗೆ ಹೊಸದು ಬಳಿಯಬೇಕು. ಬ್ರಷ್ ಹಿಡಿಯಲು ಮನೆಯ ಹುಡುಗರೇ ಮುಂದು. ಬಳಿಯುವುದು ಹಲವು ಕಡೆ ಕಿಟಕಿ, ಬಾಗಿಲಿನ ಆಯಿಲ್ ಪೇಂಟನ್ನೇ. ಇಂಥ ಬಣ್ಣದ ಹಳದಿ, ಕೇಸರಿಗೆ ಬಹುಕಾಲ ಕಳೆ ಕೊಟ್ಟದ್ದು ಲೆಡ್ ಕ್ರೋಮೇಟ್, ಅಂದರೆ ಸೀಸ. ಅದು ಮಕ್ಕಳ ಮಿದುಳಿಗೆ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಇದನ್ನು ದೇಶಕ್ಕೆ ಬಿಡದೆ ಹೇಳಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್. 1999ರಲ್ಲಿ ಜಾರ್ಜ್ ಫೌಂಡೇಶನ್ ಹಲವು ನಗರಗಳ ಮಕ್ಕಳ ರಕ್ತ ಪರೀಕ್ಷಿಸಿದಾಗ, 12 ವರ್ಷದೊಳಗಿನ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿ ಸೀಸವಿತ್ತು. ಮರುವರ್ಷವೇ ಪೆಟ್ರೋಲಿನಿಂದ ಸೀಸ ಹೊರಬಿತ್ತು. ಬಣ್ಣದ ಸರದಿಗೆ ಮತ್ತೆ 17 ವರ್ಷ ಕಾಯಬೇಕಾಯಿತು, ನಮ್ಮ ಆಮೆನಡಿಗೆಗೆ ತಕ್ಕಂತೆ! ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೂಡಿ ಕಟ್ಟಿದ ಜಾಗತಿಕ ಒಕ್ಕೂಟ ಪ್ರತಿ ದೇಶಕ್ಕೂ ಕಾನೂನು ಮಾಡಿ ಎನ್ನುತ್ತಿದೆ. ಭಾರತದಲ್ಲಿ 2017ರ ನವೆಂಬರ್ 1ರಿಂದ ಮನೆಬಳಕೆಯ ಮತ್ತು ಅಲಂಕಾರದ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಭಾಗ ಮೀರಿ ಸೀಸ ಇರುವಂತಿಲ್ಲ. ಡಬ್ಬಿಯ ಮೇಲೆ ಅದನ್ನು ಬರೆದಿರಲೇಬೇಕು. ಕಾರ್ಖಾನೆ ಬಳಕೆಯ ಬಣ್ಣ ಮಾತ್ರ ಈ ನಿಯಮದ ಹೊರಗುಳಿದಿದೆ. ಹೀಗಾಗಿ ಈ ಸಲ ಡಬ್ಬಿ ಕೊಳ್ಳುವಾಗ ಚೀಟಿ ಓದಿ. ಹಳೆಯ ಬಣ್ಣ ಹೆರೆಯುವ ಕೆಲಸ ಮಕ್ಕಳಿಗೆ ಕೊಡಬೇಡಿ, ನೀರು ಹಚ್ಚಿ ನೀವೇ ಹೆರೆಯಿರಿ.