ಪರೀಕ್ಷೆಯೇ ಮೂಢನಂಬಿಕೆಯಲ್ಲ

ಅತೀಂದ್ರಿಯ ಶಕ್ತಿಗಳನ್ನು ಅಧ್ಯಯನ ಮಾಡುವ ಪರಾಮನೋವಿಜ್ಞಾನಕ್ಕೆ ವಿಶ್ವವಿದ್ಯಾಲಯದಲ್ಲಿ ಜಾಗ ಕೊಡುವುದೆಂದರೆ ಮೂಢನಂಬಿಕೆಗೆ ಪದವಿಯ ಮುದ್ರೆ ಒತ್ತಿದಂತೆ ಎಂಬ ಇತ್ತೀಚಿನ ಲೇಖನದ ವಾದ, ನಂಬಿಕೆಯನ್ನೂ ಅದರ ಪರೀಕ್ಷೆಯನ್ನೂ ಒಂದೇ ಎಂದು ಭಾವಿಸುತ್ತದೆ. ಮನುಷ್ಯರಿಗೆ ಭವಿಷ್ಯದ ಸುಳಿವು ಸಿಗುತ್ತದೆಂದು 2011ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡ್ಯಾರಿಲ್ ಬೆಮ್ ಒಂಬತ್ತು ಪ್ರಯೋಗಗಳ ಆಧಾರದಲ್ಲಿ ವಾದಿಸಿದರು. ಮರುವರ್ಷ ಮನೋವಿಜ್ಞಾನಿಗಳಾದ ಸ್ಟುವರ್ಟ್ ರಿಚಿ, ರಿಚರ್ಡ್ ವೈಸ್‌ಮನ್, ಕ್ರಿಸ್ ಫ್ರೆಂಚ್ ಅವುಗಳಲ್ಲೊಂದನ್ನು ಮೂರು ಸಲ ಮತ್ತೆ ನಡೆಸಿದಾಗ ಆ ಪರಿಣಾಮ ಕಾಣಲಿಲ್ಲ. ಬೆಮ್ ಬಳಸಿದ್ದು ಮನೋವಿಜ್ಞಾನದ ರೂಢಿಯ ವಿಧಾನಗಳನ್ನೇ. ಹಾಗಾಗಿ ಆ ವಿಧಾನಗಳೇ ಎಷ್ಟು ಸಡಿಲ ಎಂಬ ಪ್ರಶ್ನೆ ಇಡೀ ಕ್ಷೇತ್ರವನ್ನು ತಟ್ಟಿತು. ತಪ್ಪು ಹೊರಬಿದ್ದದ್ದು ಅಧ್ಯಯನದಿಂದ, ನಿಷೇಧದಿಂದಲ್ಲ.

ಇಷ್ಟು ದಶಕ ಹುಡುಕಿಯೂ ಪುರಾವೆ ಸಿಗದ ವಿಷಯಕ್ಕೆ ಯುವಜನರ ಆಯುಷ್ಯ ಏಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಅತೀಂದ್ರಿಯ ಶಕ್ತಿಗೆ ಭರವಸೆಯಿಡಬಹುದಾದ ಪುರಾವೆ ಇಲ್ಲ, ಹುದ್ದೆಗಳೂ ಬೆರಳೆಣಿಕೆಯಷ್ಟು. ಇಂಥ ಶಕ್ತಿಗಳನ್ನು ಪರೀಕ್ಷಿಸುತ್ತಿದ್ದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರಯೋಗಾಲಯ 2007ರಲ್ಲೇ ಮುಚ್ಚಿತು. ಆದ್ದರಿಂದ ಈ ದಾರಿ ಹಿಡಿಯುವವರು ಮೊದಲು ಮನೋವಿಜ್ಞಾನ, ಸಂಖ್ಯಾಶಾಸ್ತ್ರಗಳಲ್ಲಿ ಗಟ್ಟಿಯಾಗಬೇಕು. ಆ ತರಬೇತಿ ಎಲ್ಲಿಯೂ ವ್ಯರ್ಥವಾಗದು. ಹಾಗೆಂದು ಪರೀಕ್ಷೆಯನ್ನೇ ಕೈಬಿಡಬೇಕಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದು, ಇಂಥ ಪರೀಕ್ಷೆ ವಿಶ್ವವಿದ್ಯಾಲಯದ ಕೆಲಸವೆಂದೇ. ವಿದ್ವಾಂಸರು ಹಿಂದೆ ಸರಿದರೆ ಈ ಪ್ರಶ್ನೆಗಳೆಲ್ಲ ಪವಾಡ ಮಾರುವವರ ಪಾಲಾಗುತ್ತವೆ.