ಟ್ಯೂಬಿಂಗೆನ್ನಿನಲ್ಲಿ ಒಂದು ದಿನದ ಕಾಲ್ನಡಿಗೆ

ಪರದೇಶದಲ್ಲಿರುವ ಮಕ್ಕಳನ್ನು ನೋಡಿಬರಲು ತಾಯಿತಂದೆಗಳು ಹೊರಡುವುದು ಈಗ ನಮ್ಮಲ್ಲಿ ಅಪರೂಪವಲ್ಲ. ಬೆಂಗಳೂರಿನ ಬ್ರೂಕ್‌ಫೀಲ್ಡ್, ವೈಟ್‌ಫೀಲ್ಡ್‌ಗಳಲ್ಲಿ ಮರ್ಸಿಡಿಸ್-ಬೆಂಜ್, ಸ್ಯಾಪ್ ಮೊದಲಾದ ಜರ್ಮನ್ ಸಂಸ್ಥೆಗಳ ಕಚೇರಿಗಳಿವೆ. ಉದ್ಯೋಗದ ನಿಮಿತ್ತ ಜರ್ಮನಿಗೆ ಹೋಗಿ ನೆಲಸಿದ ಕನ್ನಡದ ತರುಣ ತರುಣಿಯರೂ ಉಂಟು. ಅವರಲ್ಲಿಗೆ ಹೋದ ಹಿರಿಯರ ಪಾಡೇನು? ಮಕ್ಕಳು ಬೆಳಗ್ಗೆ ಕೆಲಸಕ್ಕೆ ಹೊರಟ ಮೇಲೆ, ಭಾಷೆ ಬಾರದೆಂಬ ಅಳುಕಿನಿಂದ, ಸಂಜೆಯವರೆಗೆ ಕಿಟಕಿಯ ಬಳಿ ಕುಳಿತು ಹೊತ್ತು ಕಳೆಯುವುದು! ಮೂರು ತಿಂಗಳನ್ನು ಹೀಗೆಯೇ ನೂಕಿ ಹಿಂದಿರುಗಿದವರನ್ನು ನಾವು ಬಲ್ಲೆವು. ಅಂತಹವರಿಗೆ ನಮ್ಮ ಬಿನ್ನಹವಿಷ್ಟೆ: ಒಂದು ದಿನ ಟ್ಯೂಬಿಂಗೆನ್ ಪಟ್ಟಣವನ್ನು ನಡೆದು ನೋಡಿರಿ. ಕನ್ನಡಿಗರಿಗೆ ಅದು ತೀರ ಪರಸ್ಥಳವಲ್ಲ. ನಾವು ಅಲ್ಲಿ ನಡೆದ ಕ್ರಮವನ್ನೇ ವಾಚಕರ ಮುಂದಿಡುತ್ತೇವೆ.

ಸ್ಟುಟ್‌ಗಾರ್ಟಿನಿಂದ ಅಲ್ಲಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ನಿಲ್ದಾಣದಿಂದ ತುಸು ನಡೆದರೆ ನೆಕ್ಕರ್ ಹೊಳೆಯ ಸೇತುವೆ ಸಿಕ್ಕುವುದು. ಹೊಳೆಯಲ್ಲಿ ಉದ್ದನೆಯ ಗಳುವಿನಿಂದ ತಳ್ಳುವ ದೋಣಿಗಳು. ದಡದಲ್ಲಿ ಒತ್ತೊತ್ತಾಗಿ ನಿಂತ ಹಳೆಯ ಮನೆಗಳು. ಅವುಗಳ ನಡುವೆ ಹಳದಿ ಬಣ್ಣದ ಒಂದು ಗೋಪುರ. ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡ ಕವಿ ಹ್ಯೋಲ್ಡರ್ಲಿನ್ 1807 ರಿಂದ 1843 ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತಾರು ವರ್ಷ, ಇಲ್ಲಿಯೇ ಇದ್ದನು. ತ್ಸಿಮ್ಮರ್ ಎಂಬ ಬಡಗಿ ಅವನನ್ನು ಮನೆಯಲ್ಲಿರಿಸಿಕೊಂಡು ನೋಡಿಕೊಂಡನು; ಬಡಗಿಯು ತೀರಿಕೊಂಡ ಬಳಿಕ ಅವನ ಮಗಳು ಆ ಹೊಣೆಯನ್ನು ಹೊತ್ತಳು. ಗೋಪುರಕ್ಕೆ ಕವಿಯ ಹೆಸರಿದೆ. ನಮ್ಮ ಮನಸ್ಸು ಮಾತ್ರ ಆ ಬಡಗಿಯ ಸಂಸಾರವನ್ನೂ ನೆನೆಯಿತು.

ಅಲ್ಲಿಂದ ಕಲ್ಲುಹಾಸಿನ ಓಣಿಗಳನ್ನೇರಿ ಹಳೆಯ ದೊಡ್ಡ ಚರ್ಚಿನ ಬಳಿ ಬಂದೆವು. ಅದರ ಎದುರಿಗಿರುವ ಪುಸ್ತಕದಂಗಡಿಯಲ್ಲಿ 1895 ರಿಂದ 1899 ರವರೆಗೆ ಹೆರ್ಮನ್ ಹೆಸ್ಸೆ ಎಂಬ ಹುಡುಗನು ಕೆಲಸ ಕಲಿತು ದುಡಿಯುತ್ತಿದ್ದನು. ಮುಂದೆ 1946 ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಲೇಖಕನು ಇವನೇ. ಇವನ ತಾಯಿಯ ತಂದೆ, ಮಲಯಾಳ ನಿಘಂಟನ್ನು ರಚಿಸಿದ ಗುಂಡರ್ಟ್. ಆ ಗುಂಡರ್ಟರ ಗೆಳೆಯರೂ ಇದೇ ವಿಶ್ವವಿದ್ಯಾನಿಲಯದಲ್ಲಿ ಓದಿದವರೂ ಆದ ಮೋಗ್ಲಿಂಗರು 1843 ರ ಜುಲೈ 1 ರಂದು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕನ್ನಡದ ಪತ್ರಿಕೆಗಳೆಲ್ಲಕ್ಕೂ ಅದೇ ಹಿರಿಯಕ್ಕ.

ಮುಂದೆ ಪೇಟೆಯ ಚೌಕ. ಅಲ್ಲಿಯ ಪುರಭವನವು 1435 ರದು. ಅದರ ಮೇಲಣ ಖಗೋಳ ಗಡಿಯಾರವು 1511 ರದು. ಇನ್ನೂ ಮೇಲೇರಿದರೆ ಕೋಟೆ. ಗೃಹಿಣಿಯರು ಇಲ್ಲಿ ತಪ್ಪದೆ ನೋಡಬೇಕಾದುದು ಅಡಿಗೆಮನೆ! ಪ್ರಯೋಗಶಾಲೆಯಾಗಿ ಮಾರ್ಪಟ್ಟಿದ್ದ ಆ ಅಡಿಗೆಮನೆಯಲ್ಲಿ 1869 ರಲ್ಲಿ ಮೀಷರ್ ಎಂಬ ತರುಣನು ಗಾಯಕ್ಕೆ ಕಟ್ಟಿದ್ದ ಬಟ್ಟೆಗಳ ಕೀವಿನಿಂದ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದನು. ಇಂದು ಡಿ.ಎನ್.ಎ. ಎಂದು ಲೋಕವೆಲ್ಲ ಬಲ್ಲ ವಸ್ತುವು ಮೊದಲು ಕೈಗೆ ಸಿಕ್ಕಿದುದು ಹೀಗೆ.

ಕೋಟೆಯ ಮೇಲಿನಿಂದ ಕೆಂಪು ಹೆಂಚಿನ ಸೂರುಗಳನ್ನು ನೋಡುತ್ತಿರುವಾಗ ನಮಗೆ ಕಿಟ್ಟೆಲ್ಲರ ಸ್ಮರಣೆಯಾಯಿತು. 1853 ರಲ್ಲಿ, ಇಪ್ಪತ್ತೊಂದು ವರ್ಷದ ತರುಣರಾಗಿ, ಅವರು ನಮ್ಮ ನಾಡಿಗೆ ಬಂದರು. ಸುಮಾರು 70,000 ಶಬ್ದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894 ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು 1896 ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. 1903 ರಲ್ಲಿ ಅವರ ಕನ್ನಡ ವ್ಯಾಕರಣವು ಹೊರಬಿದ್ದಿತು. ಅದೇ ವರ್ಷ ಡಿಸೆಂಬರ್ 18 ರಂದು, ಇದೇ ಊರಿನಲ್ಲಿ, ಅವರು ಕಣ್ಮುಚ್ಚಿದರು. ನಮ್ಮ ಮನೆಮಾತಿನ ಒಂದೊಂದು ಶಬ್ದವನ್ನೂ ತೂಗಿ ನೋಡಿದ ಜೀವವು ಈ ಸೂರುಗಳ ನಡುವೆ ಕೊನೆಯುಸಿರೆಳೆಯಿತೆಂದು ನೆನೆದಾಗ, ಊರು ಪರಕೀಯವೆಂದು ತೋರಲಿಲ್ಲ.

ಭಾಷೆ ಬಾರದೆಂದು ಹೊಸಿಲು ದಾಟದ ಹಿರಿಯರು ಇದನ್ನು ಯೋಚಿಸಬೇಕು. ನಮ್ಮ ನಾಡಿನಲ್ಲಿ ಕಾಲಿಟ್ಟ ದಿನ ಕಿಟ್ಟೆಲ್ಲರೂ ನಮ್ಮ ಜನರ ನಡುವೆ ಮಾತು ತಿಳಿಯದ ಪರದೇಶಿಯೇ ಅಲ್ಲವೆ? ನಮಗೆ ನಿಘಂಟು ಬೇಕಿಲ್ಲ; ‘ಗುಟೆನ್ ಟಾಗ್’ ಎಂಬ ನಮಸ್ಕಾರ, ‘ಡಾಂಕೆ’ ಎಂಬ ಕೃತಜ್ಞತೆ, ಇವೆರಡು ಸಾಕು. ಮಕ್ಕಳ ಮನೆಯ ವಿಳಾಸವನ್ನು ಚೀಟಿಯಲ್ಲಿ ಬರೆಯಿಸಿಕೊಳ್ಳಿರಿ. ಏರಿಳಿತದ ಕಲ್ಲುಹಾದಿಗೆ ಒಳ್ಳೆಯ ಮೆಟ್ಟು ಇರಲಿ. ಭಾನುವಾರ ಆ ದೇಶದಲ್ಲಿ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುವುದರಿಂದ ಬುತ್ತಿಯನ್ನು ಮರೆಯಬೇಡಿರಿ. ದಣಿವಾದಲ್ಲಿ ಕುಳಿತು, ಮತ್ತೆ ನಡೆದರಾಯಿತು.

ವಿದೇಶಕ್ಕೆ ಹೋಗುವ ಅನುಕೂಲವಿಲ್ಲದವರೂ ನಿರಾಶರಾಗಬೇಕಿಲ್ಲ. ಬ್ರೂಕ್‌ಫೀಲ್ಡಿಗೆ ಸಮೀಪದ ಕುಂದಲಹಳ್ಳಿಯಲ್ಲಿ ಮೆಟ್ರೊ ಹತ್ತಿದರೆ ನೇರವಾಗಿ ಮಹಾತ್ಮ ಗಾಂಧಿ ರಸ್ತೆಯಲ್ಲಿ ಇಳಿಯಬಹುದು. ಆ ರಸ್ತೆಯಲ್ಲಿ, ಮೇಯೋ ಹಾಲಿನ ಬಳಿ, ಕಿಟ್ಟೆಲ್ಲರ ಪ್ರತಿಮೆ ನಿಂತಿದೆ. ವಾಹನದಲ್ಲಿ ಕುಳಿತು ಅದನ್ನು ದಾಟಿಹೋಗುವವರು ಸಾವಿರಾರು ಮಂದಿ. ಮೊಮ್ಮಕ್ಕಳ ಕೈ ಹಿಡಿದು ಅಲ್ಲಿಯವರೆಗೆ ನಡೆದು ಹೋಗಿ, ಆತನು ಯಾರೆಂಬುದನ್ನು ಕನ್ನಡದಲ್ಲಿಯೇ ಹೇಳಿರಿ.