ಸುದ್ದಿ ತರುವವರು ಬೇಕು, ನಕಲು ಮಾಡುವವರಲ್ಲ

1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷಗಳ ಉರ್ದು ವಾರ್ತೆಯನ್ನು ಆರಂಭಿಸಿತು. ಅದರ ವಿರುದ್ಧದ ಪ್ರತಿಭಟನೆ ಗಲಭೆಯಾಗಿ ತಿರುಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ವಾರ್ತೆ ನಿಂತುಹೋಯಿತು. ಹತ್ತು ನಿಮಿಷದ ಸುದ್ದಿಗೆ ಈ ನಗರ ತೆತ್ತ ಬೆಲೆ ಅದು.

ಇಂದು ಶಿವಾಜಿನಗರದ ಯಾವುದೇ ಗಲ್ಲಿಯ ಹುಡುಗ ಕೈಯಲ್ಲಿರುವ ಮೊಬೈಲ್‌ನಿಂದಲೇ ಕನ್ನಡದಲ್ಲೋ ಉರ್ದುವಿನಲ್ಲೋ ತಮಿಳಿನಲ್ಲೋ ವಾರ್ತೆ ಓದಬಹುದು. ಪರವಾನಗಿ ಬೇಕಿಲ್ಲ. ಆದರೆ ಸಿಕ್ಕಿರುವ ಈ ಅವಕಾಶವನ್ನು ನಾವು ಏನು ಮಾಡುತ್ತಿದ್ದೇವೆ?

ರೇಡಿಯೋದ ಸ್ಥಿತಿಯನ್ನೇ ನೋಡಿ. ಬಾನುಲಿಯ ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರ ಜುಲೈಯಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು. ಆದರೂ ಖಾಸಗಿ ಎಫ್‌ಎಂ ತನ್ನದೇ ಸುದ್ದಿ ಹೇಳುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದು, ಅಷ್ಟೇ. ಸಮುದಾಯ ಬಾನುಲಿಗೂ ಅದೇ ಬೇಲಿ. ಈ ಅನ್ಯಾಯವನ್ನು ಪ್ರಶ್ನಿಸಲೇಬೇಕು. ಆದರೆ ಬೇಲಿಯೇ ಇಲ್ಲದ ವೆಬ್‌ನಲ್ಲಿ ನಮ್ಮವರೇ ಬೇರೆಯವರ ಹೊಲದ ಬೆಳೆ ಕೊಯ್ದು ತಂದು ತಮ್ಮದೆಂದು ಮಾರುತ್ತಿದ್ದಾರಲ್ಲ, ಅದಕ್ಕೇನು ಹೇಳೋಣ?

ಯಾವುದೋ ವಾಹಿನಿಯ ವರದಿಯನ್ನು ಎತ್ತಿ, ತಲೆಬರಹ ಬದಲಿಸಿ, ಎರಡು ಆಶ್ಚರ್ಯಸೂಚಕ ಚಿಹ್ನೆ ಸೇರಿಸಿದರೆ ಅದು ಪತ್ರಿಕೋದ್ಯಮವಲ್ಲ. ಬಾನುಲಿಗೆ ಬರೆದದ್ದನ್ನು ಹಾಗೆಯೇ ಅಂಟಿಸಿದರೂ ಸಾಲದು. ಬಾನುಲಿಯ ಕೇಳುಗ ಒಮ್ಮೆ ಮಾತ್ರ ಕೇಳುತ್ತಾನೆ; ಆದ್ದರಿಂದ ವಾಕ್ಯ ಚಿಕ್ಕದು, ಅಂಕಿ ಕಡಿಮೆ, ಹೇಳಿದವರು ಯಾರೆಂಬುದು ಮೊದಲು. ಈ ಶಿಸ್ತನ್ನು ವೆಬ್‌ಗೂ ತರಬೇಕು. ಆದರೆ ವೆಬ್‌ನ ಓದುಗ ಮರುದಿನವೂ ಬರುತ್ತಾನೆ, ಮುಂದಿನ ವರ್ಷವೂ ಬರುತ್ತಾನೆ. ಬಾನುಲಿಯಲ್ಲಿ 'ಇಂದು ಬೆಳಿಗ್ಗೆ' ಎಂದರೆ ಸಾಕು. ಇಲ್ಲಿ ತಾರೀಖು ಬೇಕು.

ಹಲಸೂರಿನ ಒಂದು ಬೀದಿಗೆ ನಾಲ್ಕು ದಿನದಿಂದ ನೀರು ಬಂದಿಲ್ಲ ಎಂದಿಟ್ಟುಕೊಳ್ಳಿ. ಬಾನುಲಿಗೆ ನಾಲ್ಕು ವಾಕ್ಯ, ಜೊತೆಗೆ ಕೊಡ ಹಿಡಿದು ನಿಂತ ತಾಯಿಯ ಧ್ವನಿ ಸಾಕು. ವೆಬ್‌ನಲ್ಲಿ ಯಾವ ಬೀದಿ, ಎಷ್ಟು ಮನೆ, ಜಲಮಂಡಳಿಯ ಇಂಜಿನಿಯರ್ ಯಾವ ದಿನ ಏನು ಭರವಸೆ ಕೊಟ್ಟರು, ಅದು ಈಡೇರಿತೇ ಎಂಬುದೂ ಇರಬೇಕು. ಇದನ್ನು ಬರೆಯಲು ಹಲಸೂರಿಗೆ ಹೋಗಲೇಬೇಕು. ಇಂದಿರಾನಗರದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕೆ.ಆರ್. ಪುರದ ಸುದ್ದಿ ಬರೆಯಲಾಗದು.

ಮಾಧ್ಯಮಗಳು ನಮ್ಮನ್ನು ಕೆಟ್ಟದಾಗಿ ಚಿತ್ರಿಸುತ್ತವೆ ಎಂಬ ದೂರು ನಮ್ಮಲ್ಲಿದೆ. ಅದು ಸುಳ್ಳಲ್ಲ. 2020ರಲ್ಲಿ ಕೊರೋನಾವನ್ನು ತಬ್ಲೀಗ್ ಜಮಾಅತ್‌ನ ತಲೆಗೆ ಕಟ್ಟಿದ ಪ್ರಸಾರಕ್ಕಾಗಿ ಮರುವರ್ಷ ಎರಡು ಕನ್ನಡ ವಾಹಿನಿಗಳು ದಂಡ ತೆರಬೇಕಾಯಿತು. ಆದರೆ ದೂರಿನಿಂದ ದಂಡ ಹಾಕಿಸಬಹುದೇ ಹೊರತು ಸುದ್ದಿ ಹುಟ್ಟಿಸಲಾಗದು. 2020ರ ಆಗಸ್ಟ್ 11ರ ರಾತ್ರಿ ಫೇಸ್‌ಬುಕ್‌ನ ಒಂದು ಪೋಸ್ಟಿನಿಂದ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಬೆಂಕಿ ಹೊತ್ತಿಕೊಂಡಿತು. ಪೊಲೀಸ್ ಗುಂಡಿಗೆ ಜೀವಗಳು ಹೋದವು. ಅಂಥ ರಾತ್ರಿಯಲ್ಲಿ ಬೇಕಾದದ್ದು ಫಾರ್ವರ್ಡ್ ಮಾಡುವ ಸಾವಿರ ಬೆರಳುಗಳಲ್ಲ, ಇದು ನಿಜ, ಇದು ವದಂತಿ ಎಂದು ವಿಂಗಡಿಸಿ ಹೇಳುವ, ಎರಡೂ ಕಡೆಯವರು ನಂಬುವ ಒಬ್ಬ ಸ್ಥಳೀಯ ವರದಿಗಾರ. ಅಂಥ ನಂಬಿಕೆ ಒಂದೇ ರಾತ್ರಿಯಲ್ಲಿ ಹುಟ್ಟುವುದಿಲ್ಲ. ನೀರು, ಚರಂಡಿ, ಶಾಲೆಯ ಸುದ್ದಿಯನ್ನು ವರ್ಷಗಟ್ಟಲೆ ನಿಖರವಾಗಿ ಕೊಟ್ಟವನಿಗೆ ಮಾತ್ರ ಅದು ಸಿಗುತ್ತದೆ.

ಸುದ್ದಿ ಬಂದಾಗ ಪರಿಶೀಲಿಸಿ, ಇಲ್ಲವಾದರೆ ಅರಿಯದೆ ಯಾರಿಗೋ ಹಾನಿ ಮಾಡಿ ಪರಿತಪಿಸುವಿರಿ ಎಂಬ ಎಚ್ಚರಿಕೆಯನ್ನು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಕೊಟ್ಟಿದೆ. ಯಾರಿಂದ ಯಾರು ಕೇಳಿದರು ಎಂಬ ವರದಿಗಾರರ ಸರಪಣಿಯನ್ನು ಪರೀಕ್ಷಿಸದೆ ಹದೀಸ್ ವಿದ್ವಾಂಸರು ಒಂದು ಮಾತನ್ನೂ ಅಂಗೀಕರಿಸಲಿಲ್ಲ. ಆ ಪರಂಪರೆಯ ವಾರಸುದಾರರು ಮೂಲವೇ ಗೊತ್ತಿಲ್ಲದ ವೀಡಿಯೋವನ್ನು ಹತ್ತು ಗುಂಪುಗಳಿಗೆ ಕಳಿಸುವುದು ನಾಚಿಕೆಗೇಡು.

ಹಣ ಎಲ್ಲಿಂದ ಎಂದು ಕೇಳುವವರು ಕೋಲಾರ ಜಿಲ್ಲೆಯ ಬೂದಿಕೋಟೆಯನ್ನು ನೆನೆಯಲಿ. ಸಮುದಾಯಕ್ಕೆ ಬಾನುಲಿ ಪರವಾನಗಿ ಸಿಗದಿದ್ದ ಕಾಲದಲ್ಲಿ ಅಲ್ಲಿನ 'ನಮ್ಮ ಧ್ವನಿ' ಸ್ವಯಂಸೇವಾ ಸಂಸ್ಥೆಗಳ ನೆರವಿನಿಂದ ಹಳ್ಳಿಯವರ ಮಾತನ್ನು ಕೇಬಲ್ ತಂತಿಯ ಮೂಲಕ ಮನೆಮನೆಗೆ ತಲುಪಿಸಿತು. ತರಂಗವಿಲ್ಲದೆ ಹಳ್ಳಿಯೊಂದು ದಾರಿ ಕಂಡುಕೊಂಡಿತು. ಎಲ್ಲವೂ ಇರುವ ಕಂಟೋನ್ಮೆಂಟಿನ ನಮಗೆ ಏನು ಅಡ್ಡಿ?

ಜಲ್ಸಾಗಳ ವೇದಿಕೆಗೆ, ಫ್ಲೆಕ್ಸ್‌ಗಳಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಇಬ್ಬರು ಯುವಕರ, ಇಬ್ಬರು ಯುವತಿಯರ ಸಂಬಳಕ್ಕೆ ಕೊಡಿ. ಅವರು ರಸೆಲ್ ಮಾರ್ಕೆಟ್‌ನಿಂದ ಕೆ.ಆರ್. ಪುರದ ತನಕ ನಡೆಯಲಿ, ಮುಸ್ಲಿಮರದಷ್ಟೇ ಅಲ್ಲ, ಎಲ್ಲರ ಕಷ್ಟವನ್ನೂ ಕೇಳಲಿ, ಸ್ವಚ್ಛ ಕನ್ನಡದಲ್ಲಿ ಬರೆಯಲಿ, ಓದಲಿ. ನಮ್ಮ ತಪ್ಪನ್ನೂ ವರದಿ ಮಾಡಲಿ. ಅದನ್ನು ಸಹಿಸುವ ಧೈರ್ಯ ನಮಗಿದ್ದರೆ ಮಾತ್ರ ಇನ್ನೊಬ್ಬರ ಸುಳ್ಳನ್ನು ಪ್ರಶ್ನಿಸುವ ಹಕ್ಕು ನಮಗಿದೆ.